ಸಂಬಳದಲ್ಲಿ ಹಿಡಿದ ತೆರಿಗೆಗೆ ಮತ್ತೆ ಡಿಮ್ಯಾಂಡ್: ಯಾರನ್ನು ಕೇಳೋದು?

ಕಂಪನಿ ನಿಮ್ಮ ಸಂಬಳದಲ್ಲಿ ತಿಂಗಳಿಗೆ 5,000 ರೂಪಾಯಿ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯಿತು ಅಂದುಕೊಳ್ಳಿ. ಸ್ಯಾಲರಿ ಸ್ಲಿಪ್‌ನಲ್ಲಿ ಅದು ಇದೆ. ಬ್ಯಾಂಕಿಗೂ ಅಷ್ಟು ಕಡಿಮೆ ದುಡ್ಡೇ ಬಂದಿದೆ. ಆದರೆ ಕಂಪನಿ ಅದನ್ನು ಸರ್ಕಾರಕ್ಕೆ ಕಟ್ಟಲೇ ಇಲ್ಲ. ನೀವು ರಿಟರ್ನ್ ಹಾಕುತ್ತೀರಿ. ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಕೇಂದ್ರ, ಅಂದರೆ ಬೆಂಗಳೂರಿನ ಸಿಪಿಸಿಯ ಕಂಪ್ಯೂಟರ್, ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್ ತೆಗೆದು ನೋಡುತ್ತದೆ. ಅಲ್ಲಿ ಸೊನ್ನೆ. ವರ್ಷದ 60,000, ಅದರ ಮೇಲೆ ಬಡ್ಡಿ, ಎಲ್ಲ ಸೇರಿಸಿ ನಿಮ್ಮ ಮೇಲ್‌ಗೆ ಡಿಮ್ಯಾಂಡ್, ಅಂದರೆ ಬಾಕಿ ಕಟ್ಟಿ ಅನ್ನುವ ನೋಟಿಸ್, ಬರುತ್ತದೆ.

ಇಂಥ ಮೇಲ್ ಬಂದವರು ಕೇಳೋದು ಒಂದೇ: "ಸಾರ್, ನನ್ನ ದುಡ್ಡು ಆಗ್ಲೇ ಕಟ್ ಆಗಿದೆ. ಮತ್ತೆ ಯಾಕೆ ಕಟ್ಟಬೇಕು?"

ಕಟ್ಟಬೇಕಿಲ್ಲ. ತೆರಿಗೆ ಒಮ್ಮೆ ಹಿಡಿದಾದ ಮೇಲೆ ಅಷ್ಟು ಮೊತ್ತವನ್ನು ನೌಕರನ ಹತ್ತಿರ ಮತ್ತೆ ಕೇಳುವಂತಿಲ್ಲ ಅಂತ, 2026ರ ಮಾರ್ಚ್ ತನಕದ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯಿದೆಯ 205ನೇ ಸೆಕ್ಷನ್ ಹೇಳುತ್ತದೆ. ಹಿಡಿದು ಕಟ್ಟದ ಕಂಪನಿಗೆ 276ಬಿ ಇದೆ. ಜೈಲು ಶಿಕ್ಷೆಯ ಸೆಕ್ಷನ್ ಅದು. ಕಂಪನಿಯ ಟ್ಯಾನ್ (ಟಿಡಿಎಸ್ ಹಿಡಿಯುವವರ ನಂಬರ್), ವಿಳಾಸ ಎಲ್ಲ ಇಲಾಖೆಯ ಹತ್ತಿರವೇ ಇದೆ. ಆದರೂ ಮೇಲ್ ಹೋಗೋದು ನೌಕರನಿಗೆ.

ಯಾಕೆ ಅಂದರೆ, ಅದೇ ಕಾಯಿದೆಯ 199ನೇ ಸೆಕ್ಷನ್ ಪ್ರಕಾರ ಹಿಡಿದು ಸರ್ಕಾರಕ್ಕೆ ಕಟ್ಟಿದ ತೆರಿಗೆಗೆ ಮಾತ್ರ ಕ್ರೆಡಿಟ್, ಅಂದರೆ ನಿಮ್ಮ ಲೆಕ್ಕಕ್ಕೆ ಜಮೆ. ಕಂಪ್ಯೂಟರ್‌ಗೆ 199 ಗೊತ್ತು, 205 ಗೊತ್ತಿಲ್ಲ. ತಪ್ಪು ಸರಿಮಾಡಿ ಅಂತ ರೆಕ್ಟಿಫಿಕೇಶನ್ ಅರ್ಜಿ ಹಾಕಿದರೆ ಅದೇ ಕಂಪ್ಯೂಟರ್ ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ ಅದೇ ಉತ್ತರ ಕೊಡುತ್ತದೆ. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ನಿಮ್ಮ ಎಒ (ನಿಮ್ಮ ಫೈಲ್ ನೋಡುವ ತೆರಿಗೆ ಅಧಿಕಾರಿ) ಹತ್ತಿರ ಹೋಗಿ ಅನ್ನುತ್ತಾರೆ. ಎಒ ಆಫೀಸಿನಲ್ಲಿ, ಇದು ಸಿಪಿಸಿ ಡಿಮ್ಯಾಂಡ್, ಅವರೇ ಸರಿಮಾಡಬೇಕು ಅನ್ನುತ್ತಾರೆ. ಇಲಾಖೆಯ ಪೋರ್ಟಲ್‌ನಲ್ಲಿ ಗ್ರೀವೆನ್ಸ್ (ದೂರು) ಹಾಕಿದರೆ ಇದೇ ಮಾತು ಬರಹದಲ್ಲಿ ಬರುತ್ತದೆ, ಗ್ರೀವೆನ್ಸ್ ಕ್ಲೋಸ್. ತೆರಿಗೆ ಕೆಲಸ ಮಾಡುವ ನಮ್ಮ ವೃತ್ತಿಯವರಿಗೆಲ್ಲ ಈ ಓಡಾಟ ಬಾಯಿಪಾಠ.

ಇಲಾಖೆಗೆ ಇದು ಗೊತ್ತಿಲ್ಲ ಅನ್ನುವಂತಿಲ್ಲ. ಕಂಪನಿ ಟಿಡಿಎಸ್ ಕಟ್ಟಿಲ್ಲ ಅಂತ ನೌಕರನ ಮೇಲೆ ವಸೂಲಿಗೆ ಒತ್ತಡ ಹಾಕಬೇಡಿ ಅಂತ ನೇರ ತೆರಿಗೆ ಮಂಡಳಿ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಬರೆಯಿತು. 2016ರ ಮಾರ್ಚ್ 11ರಂದು ಅದನ್ನೇ ಮತ್ತೆ ಬರೆಯಿತು. ಮೊದಲ ಪತ್ರವನ್ನು ಕೆಳಗಿನವರು ಕೇಳಿದ್ದರೆ ಎರಡನೆಯದು ಬೇಕಿರಲಿಲ್ಲ, ಅಲ್ವಾ?

ಇನ್ನೊಂದು ಸೂಕ್ಷ್ಮ ಇದೆ. ವಸೂಲಿ ಮಾಡಬೇಡಿ ಅಂದರೆ ಡಿಮ್ಯಾಂಡ್ ಅಳಿಸಿ ಅಂತ ಅಲ್ಲ. ಅದು ಪೋರ್ಟಲ್‌ನಲ್ಲಿ ಸುಮ್ನೆ ಕೂತಿರುತ್ತದೆ. ಮುಂದಿನ ವರ್ಷ ನಿಮಗೆ ರೀಫಂಡ್ ಬರಬೇಕು ಅಂದಾಗ 245ನೇ ಸೆಕ್ಷನ್ ಹಾಕಿ ಅದರಲ್ಲೇ ಮುರಿದುಕೊಳ್ಳುತ್ತಾರೆ. ನೇರವಾಗಿ ಕೇಳಬಾರದ್ದನ್ನು ಹೀಗೆ ಸುತ್ತುದಾರಿಯಲ್ಲೂ ತಗೊಳ್ಳುವಂತಿಲ್ಲ ಅಂತ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದಕ್ಕೂ ಮೊದಲು, 2021ರಲ್ಲಿ, ಗುಜರಾತ್ ಹೈಕೋರ್ಟ್ ಕಿಂಗ್‌ಫಿಶರ್ ಪೈಲಟ್ ಒಬ್ಬರ ಪರ ತೀರ್ಪು ಕೊಟ್ಟಿತು. ನಮ್ಮ ಬೆಂಗಳೂರಿನ ಆ ಕಂಪನಿ 2012ರಲ್ಲೇ ಹಾರಾಟ ನಿಲ್ಲಿಸಿತ್ತು. ಟಿಡಿಎಸ್ ಹಿಡಿದು ಕಟ್ಟದವರು ಅವರು. ಕೋರ್ಟು ಹತ್ತಿದ್ದು ಪೈಲಟ್. 60,000ದ ಡಿಮ್ಯಾಂಡ್‌ಗೆ ಎಷ್ಟು ಜನ ಹೈಕೋರ್ಟಿಗೆ ಹೋಗುತ್ತಾರೆ? ವಕೀಲರ ಫೀಸೇ ಅದಕ್ಕಿಂತ ಜಾಸ್ತಿ.

ಗಡುವುಗಳ ಕಥೆಯೂ ಹೀಗೇ. 245ರ ನೋಟಿಸಿಗೆ ನಮಗೆ ಸಿಗೋದು 21 ದಿನ. ಅಪೀಲಿಗೆ 30 ದಿನ. ಆ ಅಪೀಲನ್ನು ಇಲಾಖೆಯವರು, 'ಸಾಧ್ಯವಾದರೆ', ಅದನ್ನು ಹಾಕಿದ ಆರ್ಥಿಕ ವರ್ಷ ಮುಗಿದು ಒಂದು ವರ್ಷದೊಳಗೆ ತೀರ್ಮಾನಿಸಬೇಕು. ರೆಕ್ಟಿಫಿಕೇಶನ್ ಅರ್ಜಿಗೆ 6 ತಿಂಗಳು ಅಂತ ಬರೆದಿದೆ. ಮೀರಿದ ಅಧಿಕಾರಿಗೆ ಏನು ಅಂತ ಬರೆದಿಲ್ಲ. ಬಾಕಿಗೆ ನಾವು ತಿಂಗಳಿಗೆ ಶೇ. 1 ಬಡ್ಡಿ ಕಟ್ಟಬೇಕು, ಅವರು ರೀಫಂಡ್ ತಡಮಾಡಿದರೆ ಶೇ. 0.5. 2020ರ ತೆರಿಗೆದಾರರ ಸನ್ನದಿನಲ್ಲಿ ಇಲಾಖೆ ತನ್ನ ಅಧಿಕಾರಿಗಳನ್ನು ಹೊಣೆ ಮಾಡುತ್ತದೆ ಅಂತ ಒಂದು ಸಾಲಿದೆ. ಓದಲು ಚೆನ್ನಾಗಿದೆ. ಅಧಿಕಾರಿಯ ಮುಖ ನೋಡದೆ ಎಲ್ಲ ಆನ್‌ಲೈನ್‌ನಲ್ಲೇ ನಡೆಯುವ ಫೇಸ್‌ಲೆಸ್ ಪದ್ಧತಿಯಿಂದ ಕಚೇರಿ ಅಲೆದಾಟ, ಕೈಬಿಸಿ ಕಡಿಮೆಯಾಗಿದೆ ಅನ್ನೋದು ನಿಜ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಮುಖದ ಜೊತೆ ಹೆಸರೂ ಹೋಯಿತು.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ಡಿಮ್ಯಾಂಡ್ ಬಂದರೆ ಹೆದರಿ ಕಟ್ಟಬೇಡಿ, ಸುಮ್ನೆಯೂ ಇರಬೇಡಿ. ಪೋರ್ಟಲ್‌ನಲ್ಲಿ ಗಡುವಿನೊಳಗೆ ಒಪ್ಪುವುದಿಲ್ಲ ಅಂತ ಗುರುತು ಹಾಕಿ. 205ನೇ ಸೆಕ್ಷನ್ ಮತ್ತು ಮಂಡಳಿಯ ಎರಡೂ ಪತ್ರಗಳನ್ನು ಹೆಸರಿಸಿ ಉತ್ತರ ಬರೆಯಿರಿ. ಎಒಗೂ ಅದನ್ನೇ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಫಾರಂ 16 (ಟಿಡಿಎಸ್ ಹಿಡಿದದ್ದಕ್ಕೆ ಕಂಪನಿ ಕೊಡುವ ಸರ್ಟಿಫಿಕೇಟ್) ಕೊಡದ ಕಂಪನಿಯಾದರೆ ತೆರಿಗೆ ಹಿಡಿದದ್ದಕ್ಕೆ ಸಾಕ್ಷಿ ಸ್ಯಾಲರಿ ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ. ಕೆಲಸ ಬಿಟ್ಟ ದಿನವೇ ಕಂಪನಿಯ ಲಾಗಿನ್ ಬಂದ್ ಆಗುತ್ತದೆ, ಹಾಗಾಗಿ ಸ್ಲಿಪ್‌ಗಳನ್ನು ಪ್ರತಿ ತಿಂಗಳೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ.