ತೊಟ್ಟಿಕ್ಕುವ ಬೆಂಕಿ

ಮಳೆಗಾಲದಲ್ಲಿ ಕಟ್ಟಿಗೆ ಒದ್ದೆ. ಮಡಲು, ಗೆರಟೆ ಯಾವುದೂ ಬೇಗ ಹತ್ತಿಕೊಳ್ಳುವುದಿಲ್ಲ. ಆಗ ಉಡುಪಿ ಕಡೆಯ ಎಷ್ಟೋ ಮನೆಗಳ ಬಚ್ಚಲೊಲೆಗೆ ಮೊದಲು ಬೀಳುವುದು ಒಂದು ಪ್ಲಾಸ್ಟಿಕ್ ತೊಟ್ಟೆ, ಅಂದರೆ ಚೀಲ. ಹಾಕಬಾರದು, ನಿಜ. ಆದರೂ ಅದು ಉರಿಯುವ ರೀತಿ ಗಮನಿಸುವಂಥದ್ದು.

ಬೆಂಕಿಕಡ್ಡಿ ಹತ್ತಿರ ತಂದ ಕೂಡಲೇ ತೊಟ್ಟೆ ಹೊತ್ತಿಕೊಳ್ಳುವುದಿಲ್ಲ. ಮುದುರಿಕೊಂಡು ಹಿಂದೆ ಸರಿಯುತ್ತದೆ, ಬಿದ್ದ ತೂತು ಅಗಲವಾಗುತ್ತಾ ಹೋಗುತ್ತದೆ. ಫ್ಯಾಕ್ಟರಿಯಲ್ಲಿ ಕರಗಿದ ಪ್ಲಾಸ್ಟಿಕ್ಕಿಗೆ ಗಾಳಿ ಊದಿ, ಎಳೆದು, ತೆಳುವಾದ ಹಾಳೆ ಮಾಡಿ ತಣಿಸಿರುತ್ತಾರೆ. ಒಳಗಿನ ಅಣುಗಳು ಹಿಗ್ಗಿದ ಸ್ಥಿತಿಯಲ್ಲೇ ಸಿಕ್ಕಿಬಿದ್ದಿರುತ್ತವೆ. ಬಿಸಿ ತಾಗಿದ್ದೇ ತಡ, ಮತ್ತೆ ಕುಗ್ಗುತ್ತವೆ. ಆಮೇಲೆ ಅಂಚಿನಲ್ಲಿ ಗುಂಡನೆಯ ಹನಿ ಕಟ್ಟುತ್ತದೆ, ಉರಿ ಹಿಡಿಯುತ್ತದೆ, ಝುಪ್ ಝುಪ್ ಎಂದು ಕೆಳಗೆ ಬೀಳುತ್ತದೆ. ಆರಿಸಿದಾಗ ಮೇಣದ ಬತ್ತಿಯದ್ದೇ ವಾಸನೆ. ಅದರಲ್ಲಿ ಆಶ್ಚರ್ಯವಿಲ್ಲ. ಪಾಲಿಥೀನ್ ಮತ್ತು ಬತ್ತಿಯ ಮೇಣ ಎರಡೂ ಇಂಗಾಲ, ಜಲಜನಕದ ಸರಪಳಿಗಳೇ. ಮೇಣದ ಸರಪಳಿಯಲ್ಲಿ ಸುಮಾರು ಇಪ್ಪತ್ತರಿಂದ ನಲವತ್ತು ಇಂಗಾಲ, ಪಾಲಿಥೀನಿನದ್ದರಲ್ಲಿ ಸಾವಿರಗಟ್ಟಲೆ.

ಪಾಲಿಥೀನ್ ಕರಗುವುದು ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉರಿಯಲು ಬೇಕಾಗುವಷ್ಟು ಅನಿಲ ಹೊರಡುವುದು 350 ಡಿಗ್ರಿಯ ಆಸುಪಾಸಿನಲ್ಲಿ. ಹೌದು, ಉರಿಯುವುದು ಗಟ್ಟಿ ಪ್ಲಾಸ್ಟಿಕ್ಕೂ ಅಲ್ಲ, ಕರಗಿದ ಪ್ಲಾಸ್ಟಿಕ್ಕೂ ಅಲ್ಲ, ಅದು ಒಡೆದು ಏಳುವ ಅನಿಲ. ಈ ಎರಡು ಅಂಕಿಗಳ ನಡುವೆ 200 ಡಿಗ್ರಿಗೂ ಜಾಸ್ತಿ ಅಂತರ ಇದೆ, ಅಲ್ವಾ? ಅಷ್ಟೂ ಹೊತ್ತು ಅದು ದ್ರವವಾಗಿಯೇ ಇರುತ್ತದೆ. ಕಟ್ಟಿಗೆಗೆ ಈ ನಡುವಿನ ಹಂತವೇ ಇಲ್ಲ. ಅದು ಕರಗದೆ ನೇರವಾಗಿ ಅನಿಲ ಬಿಟ್ಟು ಇದ್ದಿಲಾಗುತ್ತದೆ, ಇದ್ದ ಜಾಗದಲ್ಲೇ ಉರಿಯುತ್ತದೆ.

ಇನ್ನು ಆ ದ್ರವ ಎಷ್ಟು ತೆಳು ಎನ್ನುವ ವಿಷಯ. ಅಣುಗಳ ಸರಪಳಿಗಳು ತಟ್ಟೆಗೆ ಹಾಕಿದ ಒತ್ತು ಶ್ಯಾವಿಗೆಯಂತೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಉದ್ದವಾಗಿದ್ದಷ್ಟೂ ಜಾರುವುದು ಕಷ್ಟ. ಬೆಂಕಿಯ ಬಿಸಿಗೆ ಅವು ತುಂಡಾಗುತ್ತವೆ. ಸರಾಸರಿ ಉದ್ದ ಅರ್ಧವಾದರೆ ದ್ರವದ ಮಂದತನ ಅರ್ಧವಾಗುವುದಿಲ್ಲ, ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ! ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲೂ ತಯಾರಾಗುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಈ ವಿಷಯದಲ್ಲಿ ಇನ್ನೂ ಮುಂದೆ. ಅದರ ಸರಪಳಿ ಎಲ್ಲೆಂದರಲ್ಲಿ ಕಡಿಯುತ್ತದೆ, ಬೇಗ ನೀರಾಗಿ ಹರಿಯುತ್ತದೆ.

ಮಲ್ಪೆ ಬಂದರಿನಲ್ಲಿ ಹಗ್ಗ ಕತ್ತರಿಸಿದ ಮೇಲೆ ತುದಿಗೆ ಲೈಟರ್ ಹಿಡಿಯುವುದನ್ನು ನೋಡಬಹುದು. ಎಳೆ ಬಿಚ್ಚಿಕೊಳ್ಳದಿರಲಿ ಎಂದು. ನೈಲಾನ್ ಹಗ್ಗವಾದರೆ ತುದಿ ಕರಗಿ, ಕಂದು ಬಣ್ಣದ ಗಟ್ಟಿ ಗುಂಡಾಗುತ್ತದೆ. ಉರಿ ಹಿಡಿದರೂ ಎಷ್ಟೋ ಸಲ ಒಂದೆರಡು ಹನಿ ಉದುರಿ ತಾನಾಗಿಯೇ ಆರುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ಹಾಗಲ್ಲ. ಊದಿ ಆರಿಸದಿದ್ದರೆ ಹನಿ ಸುರಿಸುತ್ತಾ ಉರಿಯುತ್ತಲೇ ಇರುತ್ತದೆ.

ನೈಲಾನ್ ಆರಿದ್ದು ಹೇಗೆ? ಬಿದ್ದ ಹನಿ ತನ್ನ ಜೊತೆ ಬಿಸಿಯನ್ನೂ ಒಯ್ದಿತು. ಅಂದರೆ ಹನಿ ಬೆಂಕಿಯನ್ನು ಹರಡಲೂಬಹುದು, ಆರಿಸಲೂಬಹುದು. ವಿದ್ಯುತ್ ಉಪಕರಣಗಳ ಪ್ಲಾಸ್ಟಿಕ್ ಪರೀಕ್ಷಿಸುವವರಿಗೆ ಇದು ಚೆನ್ನಾಗಿ ಗೊತ್ತು. ಯುಎಲ್ 94 ಎಂಬ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ಪಟ್ಟಿಯನ್ನು ನೇರ ನೇತುಹಾಕಿ, ಕೆಳತುದಿಗೆ 10 ಸೆಕೆಂಡಿನಂತೆ ಎರಡು ಸಲ ಜ್ವಾಲೆ ಹಿಡಿಯುತ್ತಾರೆ. 300 ಮಿಲಿಮೀಟರ್ ಕೆಳಗೆ ಒಂದಿಷ್ಟು ಹತ್ತಿ ಇಟ್ಟಿರುತ್ತಾರೆ. ಪಟ್ಟಿ ಬೇಗ ಆರಿದರೂ ಬಿದ್ದ ಹನಿಯಿಂದ ಹತ್ತಿ ಹೊತ್ತಿಕೊಂಡರೆ ಸಿಗುವುದು ವಿ-2 ದರ್ಜೆ ಮಾತ್ರ. ಹತ್ತಿ ಹೊತ್ತಿಕೊಳ್ಳದೆ, ಪ್ರತಿ ಸಲವೂ 10 ಸೆಕೆಂಡಿನೊಳಗೆ ಆರಿದರೆ ಅದಕ್ಕಿಂತ ಮೇಲಿನ ವಿ-0. ನನಗಂತೂ ಈ ಪರೀಕ್ಷೆಯಲ್ಲಿ ಹತ್ತಿಯೇ ಅತಿ ಜಾಣ ಉಪಾಯ ಅನ್ನಿಸುತ್ತದೆ.

ಹನಿ ತಡೆಯುವ ಒಂದು ದಾರಿ ನಮ್ಮ ನಾನ್‌ಸ್ಟಿಕ್ ದೋಸೆ ಕಾವಲಿಯಲ್ಲೇ ಇದೆ: ಟೆಫ್ಲಾನ್. 1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಅಕಸ್ಮಾತ್ತಾಗಿ ಕಂಡುಹಿಡಿದ ವಸ್ತು. ಇದನ್ನು ಶೇಕಡಾ ಒಂದಕ್ಕಿಂತ ಕಡಿಮೆ ಬೆರೆಸಿದರೂ ಸಾಕು, ಅದು ಪ್ಲಾಸ್ಟಿಕ್ಕಿನೊಳಗೆ ಸೂಕ್ಷ್ಮ ಎಳೆಗಳಾಗಿ ಹರಡಿ, ಕರಗಿದ ಭಾಗವನ್ನು ಬೀಳದಂತೆ ಹಿಡಿದಿಡುತ್ತದೆ. ಹಳೆಯ ಕಪ್ಪು ಬಲ್ಬ್ ಹೋಲ್ಡರಿನ ಬೇಕಲೈಟಿಗೆ ಇದರ ಅಗತ್ಯವೇ ಇಲ್ಲ. ಅದರ ಸರಪಳಿಗಳು ಅಡ್ಡಡ್ಡ ಬೆಸೆದುಕೊಂಡಿರುವುದರಿಂದ ಅದು ಕರಗುವುದೇ ಇಲ್ಲ, ಸುಟ್ಟು ಕರಿಯಾಗುತ್ತದೆ.

ಬಚ್ಚಲೊಲೆಯ ತೊಟ್ಟೆಗೆ ಬಂದರೆ, ಪಾಲಿಥೀನಿನ ಜೊತೆ ಪಿವಿಸಿ ಚೂರೂ ಸೇರಿದ್ದರೆ ತಾಪತ್ರಯ ಜಾಸ್ತಿ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಉರಿದಾಗ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ವಿಷಕಾರಿ ಡಯಾಕ್ಸಿನ್‌ಗಳೂ ಹುಟ್ಟಬಹುದು.

ಹಾಗೆಯೇ ಒಲೆಯ ಮುಂದೆ ಕೂರುವಾಗ ಪಾಲಿಯೆಸ್ಟರ್ ಸೀರೆಗಿಂತ ಹತ್ತಿ ಸೀರೆ ವಾಸಿ. ಹತ್ತಿಗೂ ಬೆಂಕಿ ಬೇಗ ಹಿಡಿಯುತ್ತದೆ, ಆದರೆ ಅದು ಕರಗುವುದಿಲ್ಲ. ಪಾಲಿಯೆಸ್ಟರ್ 250 ಡಿಗ್ರಿಯ ಆಚೀಚೆ ಕರಗಿ ಚರ್ಮಕ್ಕೆ ಅಂಟುತ್ತದೆ, ಆರಿದ ಮೇಲೂ ಸುಡುತ್ತಿರುತ್ತದೆ. ಹಾಗೆ ಅಂಟಿದ್ದನ್ನು ಎಳೆದರೆ ಚರ್ಮವೂ ಕಿತ್ತು ಬರುತ್ತದೆ. 20 ನಿಮಿಷ ತಣ್ಣೀರು ಹರಿಸಿ, ಅದನ್ನು ಬಿಡಿಸುವ ಕೆಲಸವನ್ನು ಡಾಕ್ಟರಿಗೇ ಬಿಡಬೇಕು.