ಚಳಿಗಾಲದ ಕಾರ್ ಕೆಲಸ: ಒಂದು ಎಂಜಿಬಿ ಇಟ್ಟುಕೊಂಡು ಯೋಜನೆ ಕಲಿಯೋಣ

ಬ್ರಿಟನ್ನಿನಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ವರ್ಷದಲ್ಲಿ ಎರಡೇ ಕಾಲ: ಓಡಿಸುವ ಕಾಲ, ಬಿಚ್ಚುವ ಕಾಲ. ಚಳಿ ಶುರುವಾಗುತ್ತಿದ್ದಂತೆ ಮಂಜುಗಡ್ಡೆ ಕಟ್ಟದಿರಲಿ ಎಂದು ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಸಿಡಿದು ಸಂದಿಗೊಂದಿಯಲ್ಲೆಲ್ಲ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆ ನಿಂತರೂ ತಗಡು ಪೂರ್ತಿ ಒಣಗುವುದಿಲ್ಲ, ತುಕ್ಕು ತನ್ನ ಕೆಲಸ ನಿಲ್ಲಿಸುವುದಿಲ್ಲ. ಅದಕ್ಕೇ ನವೆಂಬರಿನಿಂದ ಮಾರ್ಚ್‌ವರೆಗೆ ಬಹಳ ಜನ ಹಳೇ ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸಿ ರಿಪೇರಿ, ಅಪ್‌ಗ್ರೇಡ್ ಕೆಲಸ ಹಿಡಿಯುತ್ತಾರೆ.

ಆ ಐದು ತಿಂಗಳ ಕೆಲಸವನ್ನು ಹೇಗೆ ಜೋಡಿಸಿಕೊಳ್ಳಬೇಕು ಅನ್ನುವುದು ಈ ಟಿಪ್ಪಣಿಯ ವಿಷಯ. ಉದಾಹರಣೆಗೆ ಎಂಜಿಬಿ ರೋಡ್‌ಸ್ಟರ್ ಎಂಬ ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಂಡಿದ್ದೇನೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ, ತಗಡಿನ ಮಾಡಿರುವ ಜಿಟಿ ಮಾದರಿಯೂ ಸೇರಿ, 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಬಿಡಿಭಾಗ ಇಂದಿಗೂ ಸುಲಭವಾಗಿ ಸಿಗುತ್ತದೆ. ನಮಗೆ ಇನ್ನೊಂದು ಹತ್ತಿರದ ಕಾರಣವೂ ಇದೆ. ಎಂಜಿಬಿಯ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ನಮ್ಮ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಕುಟುಂಬ. ಅಂಬಾಸಿಡರ್ ಬಾನೆಟ್ಟಿನೊಳಗೆ ಕೈ ಹಾಕಿ ಕಲಿತವರಿಗೆ ಎಂಜಿಬಿಯ ಟ್ಯಾಪೆಟ್, ಡಿಸ್ಟ್ರಿಬ್ಯೂಟರ್, ಎಸ್‌ಯು ಕಾರ್ಬುರೇಟರ್ ಹೊಸದು ಅನ್ನಿಸುವುದೇ ಇಲ್ಲ.

ನಿಲ್ಲಿಸುವ ಮೊದಲು

ಕೆಲಸ ಶುರುವಾಗುವುದು ಕೊನೆಯ ಸವಾರಿಯ ದಿನವೇ. ಕಾರಿನ ತಳ, ಚಕ್ರದ ಕಮಾನುಗಳ ಒಳಭಾಗ ಚೆನ್ನಾಗಿ ತೊಳೆದು ಒಣಗಿಸಬೇಕು. ಉಪ್ಪು ಹತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿಗೆ ತಂದರೆ ತುಕ್ಕು ಇನ್ನೂ ಜೋರಾಗುತ್ತದೆ, ಏಕೆಂದರೆ ಶಾಖ ಹೆಚ್ಚಿದಷ್ಟೂ ಆ ಕ್ರಿಯೆ ವೇಗ ಪಡೆಯುತ್ತದೆ. ಬೆಚ್ಚಗಿನ ಜಾಗಕ್ಕಿಂತ ಒಣಗಿದ, ಗಾಳಿಯಾಡುವ ಜಾಗ ಮುಖ್ಯ.

ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಬದಲಾಯಿಸಿ. ಬಹಳ ಜನ ಇದನ್ನು ವಸಂತಕ್ಕೆ ಮುಂದೂಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಬಳಸಿದ ಆಯಿಲ್‌ನಲ್ಲಿ ಆಮ್ಲ ಮತ್ತು ತೇವ ಸೇರಿರುತ್ತದೆ. ಅದನ್ನು ಬೇರಿಂಗ್‌ಗಳ ಮೇಲೆ ಐದು ತಿಂಗಳು ಬಿಡುವುದು ಯಾಕೆ? ಕೂಲಂಟ್ ಕೂಡ ಈಗಲೇ ನೋಡಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಎರಕದ ಬ್ಲಾಕ್ ಬಿರುಕು ಬಿಡುವುದಕ್ಕೆ ಅಷ್ಟು ಸಾಕು. ಗ್ಲೈಕಾಲ್ ಆಂಟಿಫ್ರೀಜ್ ಮತ್ತು ನೀರು ಅರ್ಧಕ್ಕರ್ಧ ಇದ್ದರೆ ಮೈನಸ್ 35 ಡಿಗ್ರಿವರೆಗೂ ಭಯವಿಲ್ಲ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಖಾಲಿ ಬ್ಯಾಟರಿಯ ಒಳಗಿರುವುದು ಹೆಚ್ಚೂಕಮ್ಮಿ ನೀರೇ, ಅದು ಹೆಪ್ಪುಗಟ್ಟಿ ಒಡೆಯಬಹುದು. 1974ರ ಆಸುಪಾಸಿನವರೆಗಿನ ಎಂಜಿಬಿಗಳಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಮೊದಲು ಪಟ್ಟಿ, ಆಮೇಲೆ ಪಾನಾ

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರುಗಳಿಗೆ, ಅವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರದಿದ್ದರೆ, 2018ರಿಂದ ಎಂಓಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಕೊನೆಯ ಎಂಜಿಬಿ ತಯಾರಾದದ್ದೇ 1980ರಲ್ಲಿ, ಅಂದರೆ ಈಗ ಎಲ್ಲವೂ ಆ ವಯಸ್ಸು ದಾಟಿವೆ. ಆದರೆ ಕಾರು ರಸ್ತೆಗೆ ಯೋಗ್ಯವಾಗಿ ಇರಬೇಕಾದ ಜವಾಬ್ದಾರಿ ಮಾಲೀಕರ ಮೇಲೆ ಹಾಗೇ ಇದೆ. ಬೇರೆ ಯಾರೂ ತಳ ನೋಡುವುದಿಲ್ಲ ಎಂದ ಮೇಲೆ ನಾವೇ ನೋಡಬೇಕು, ಅಲ್ವಾ?

ಕಾರನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಮಲಗಬಾರದು. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಕಂಡರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ) ಅಥವಾ ಚಕ್ರದ ಬೇರಿಂಗ್. ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದಾಗಲೂ ಆಟ ಹಾಗೇ ಇದ್ದರೆ ಕಿಂಗ್‌ಪಿನ್ ಕಡೆ ಅನುಮಾನ. ಎಂಜಿಬಿಯ ಪ್ರತಿ ಕಿಂಗ್‌ಪಿನ್‌ಗೂ ಮೂರು ಗ್ರೀಸ್ ನಿಪ್ಪಲ್ ಇವೆ. ಚಕ್ರ ನೆಲದಿಂದ ಮೇಲಿದ್ದಾಗ ಗ್ರೀಸ್ ಹೊಡೆದರೆ ಮಾತ್ರ ಅದು ಎಲ್ಲ ಕಡೆ ಸರಿಯಾಗಿ ಇಳಿಯುತ್ತದೆ.

ಕಂಡದ್ದನ್ನೆಲ್ಲ ಬರೆದುಕೊಳ್ಳಿ. ಇನ್ನೂ ಏನನ್ನೂ ಬಿಚ್ಚಬೇಡಿ. ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ: ಕಾರು ನಿಲ್ಲುವುದಕ್ಕೆ ಮತ್ತು ತಿರುಗುವುದಕ್ಕೆ ಸಂಬಂಧಿಸಿದ್ದೇ? ಬಿಟ್ಟರೆ ವರ್ಷವರ್ಷ ಹೆಚ್ಚಾಗುವಂಥದ್ದೇ? ಅಥವಾ ಆಸೆಗೆ ಸಂಬಂಧಿಸಿದ್ದೇ? ಬ್ರೇಕ್, ಸ್ಟೀರಿಂಗ್, ಪೆಟ್ರೋಲ್ ಪೈಪು ಮೊದಲ ಗುಂಪು. ತುಕ್ಕು ಎರಡನೆಯದು. ಅಲ್ಯೂಮಿನಿಯಂ ರೇಡಿಯೇಟರ್, ಹೊಸ ಸೀಟು, ಹೊಳೆಯುವ ಸ್ಪೋಕ್ ಚಕ್ರ ಮೂರನೆಯದು. ಮೊದಲ ಗುಂಪಿನಲ್ಲಿ ಒಂದೇ ಒಂದು ಸಾಲು ಬಾಕಿ ಇದ್ದರೂ ಮೂರನೇ ಗುಂಪಿನ ಯಾವ ಸಾಮಾನೂ ಆರ್ಡರ್ ಮಾಡಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ರಬ್ಬರ್ ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಇದಕ್ಕೆ ತಯಾರಾದದ್ದಲ್ಲ, ಮೆತ್ತಗಾಗಿ ಬಿರುಕು ಬಿಡುತ್ತದೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರುವುದೆಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಎಥನಾಲ್ ತಾಳುವ ಪೈಪು ಅಗ್ಗ, ಹಾಕುವುದಕ್ಕೆ ಒಂದು ಮಧ್ಯಾಹ್ನ ಸಾಕು. ನಮ್ಮಲ್ಲೂ ಈಗ ಎಥನಾಲ್ ಬೆರೆತ ಪೆಟ್ರೋಲೇ ಸಿಗುವುದರಿಂದ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರೂ ಈ ಕೆಲಸವನ್ನು ಮೊದಲ ಗುಂಪಿಗೇ ಸೇರಿಸಬೇಕು.

ಬ್ರೇಕ್ ಫ್ಲೂಯಿಡ್ ಕೂಡ ಹಾಗೆಯೇ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಒಳಗೆ ಆವಿ ಕಟ್ಟಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಯಾವುದರ ಹಿಂದೆ ಯಾವುದು

ಪಟ್ಟಿ ಮಾಡುವುದು ಸುಲಭ. ಕ್ರಮ ಹಾಕುವುದೇ ಕಷ್ಟ. ಒಂದು ಕೆಲಸ ಇನ್ನೊಂದನ್ನು ಹಾಳು ಮಾಡಬಾರದು, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಬಿಚ್ಚುವಂತಾಗಬಾರದು. ವೆಲ್ಡಿಂಗ್ ಮೊದಲು, ಏಕೆಂದರೆ ಕಿಡಿಗಳು ವೈರು, ರಬ್ಬರ್, ಪೇಂಟು ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಬ್ರೇಕ್ ಮತ್ತು ಪೆಟ್ರೋಲ್ ಪೈಪು. ಆಮೇಲೆ ವೈರಿಂಗ್. ಪೇಂಟ್ ಕೊನೆಗೆ, ಅದೂ ಮಾರ್ಚ್ ಹತ್ತಿರ ಬಂದಾಗ. ಪೇಂಟ್ ಡಬ್ಬಿಯ ಮೇಲೆ ಬರೆದಿರುವ ಒಣಗುವ ಸಮಯ ಸಾಮಾನ್ಯವಾಗಿ 20 ಡಿಗ್ರಿ ಲೆಕ್ಕದ್ದು. ಜನವರಿಯ ಗ್ಯಾರೇಜಿನಲ್ಲಿ ತಣ್ಣಗಿನ ತಗಡಿನ ಮೇಲೆ ಬೆವರು ಕೂತಿರುತ್ತದೆ. ಅದರ ಮೇಲೆ ಹೊಡೆದ ಪೇಂಟ್ ಕೆಲವೇ ತಿಂಗಳಲ್ಲಿ ಎದ್ದು ಬರುತ್ತದೆ. ಮಲೆನಾಡಿನಲ್ಲಿ ಆಷಾಢದಲ್ಲಿ ಗೇಟಿಗೆ ಪೇಂಟ್ ಹೊಡೆಸಿದವರಿಗೆ ಇದು ಗೊತ್ತೇ ಇರುತ್ತದೆ.

ತಾರೀಖನ್ನು ಹಿಂದಿನಿಂದ ಎಣಿಸಿ. ಬ್ರಿಟನ್ನಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ‘ಡ್ರೈವ್ ಇಟ್ ಡೇ’ ಬರುತ್ತದೆ. 1900ರ ಏಪ್ರಿಲ್ 23ರಂದು ಲಂಡನ್ನಿನಿಂದ ಹೊರಟ ಸಾವಿರ ಮೈಲಿ ಮೋಟಾರು ಪ್ರಯಾಣದ ನೆನಪಿಗೆ ಅಂದು ಹಳೇ ವಾಹನಗಳೆಲ್ಲ ರಸ್ತೆಗಿಳಿಯುತ್ತವೆ. ಆ ದಿನ ಓಡಬೇಕೆಂದರೆ ಮಾರ್ಚ್ ಕೊನೆಗೆ ಕಾರು ತನ್ನ ಕಾಲ ಮೇಲೆ ನಿಂತಿರಬೇಕು. ಬಿಡಿಭಾಗದ ಆರ್ಡರ್ ಕ್ರಿಸ್‌ಮಸ್‌ಗೆ ಮುಂಚೆಯೇ ಹೋಗಿರಬೇಕು. ಡಿಸೆಂಬರ್ ಕೊನೆಯ ಹೊತ್ತಿಗೆ ಲಂಡನ್ನಿನಲ್ಲೇ ಹಗಲು 8 ಗಂಟೆ ಸಿಗುವುದಿಲ್ಲ, ಉತ್ತರಕ್ಕೆ ಹೋದಷ್ಟೂ ಇನ್ನೂ ಕಮ್ಮಿ. ಕೆಲಸಕ್ಕೆ ಹೋಗುವವರಿಗೆ ಉಳಿಯುವುದು ವಾರಾಂತ್ಯಗಳು ಮಾತ್ರ, ಅದರಲ್ಲೂ ಕೆಲವು ಮನೆಮಂದಿಗೆ ಸೇರಿದ್ದು. ಹಾಗಾಗಿ ಒಂದು ಚಳಿಗಾಲಕ್ಕೆ ಒಂದೇ ದೊಡ್ಡ ಕೆಲಸ ಇಟ್ಟುಕೊಳ್ಳಿ.

ಸಿಲ್: ಎಂಜಿಬಿಯ ಬೆನ್ನೆಲುಬು

ದೊಡ್ಡ ಕೆಲಸ ಅಂದರೆ ಎಂಜಿಬಿಯಲ್ಲಿ ಸಾಮಾನ್ಯವಾಗಿ ಸಿಲ್. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗವದು. ಅಂಬಾಸಿಡರ್‌ನಂತೆ ಎಂಜಿಬಿಗೂ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ರೋಡ್‌ಸ್ಟರ್‌ಗೆ ತಗಡಿನ ಮಾಡು ಬೇರೆ ಇಲ್ಲ. ಹಾಗಾಗಿ ಕಾರು ನಡುವೆ ಬಾಗದಂತೆ ತಡೆಯುವ ಭಾರವೆಲ್ಲ ಎರಡು ಸಿಲ್‌ಗಳು ಮತ್ತು ನಡುವಿನ ಸುರಂಗದ (ಪ್ರೊಪೆಲ್ಲರ್ ಶಾಫ್ಟ್ ಹಾಯುವ ಉಬ್ಬಿನ) ಮೇಲೆ.

ಸಿಲ್ ಒಂದೇ ತುಂಡಲ್ಲ. ಅದರಲ್ಲಿ ಹೊರಗಿನ ಸಿಲ್, ನಡುವಿನ ನಿಂತ ತಗಡು, ಕೆಳಗಿನ ‘ಕ್ಯಾಸಲ್ ರೈಲ್’ ಸೇರಿವೆ. ಹೊರಗಿನದು ತೂತಾಗಿದ್ದರೆ ಒಳಗಿನದು ಆಗಲೇ ಹೋಗಿರುತ್ತದೆ. ಕೊಳೆತ ಸಿಲ್ ಮೇಲೆ ಹೊಸ ತಗಡು ಹೊದಿಸಿ ಪೇಂಟ್ ಹೊಡೆದು ಮಾರುವುದು ಹಳೇ ಚಾಳಿ. ಗುರುತಿಸುವುದು ಹೇಗೆ? ಬಾಗಿಲನ್ನು ಮುಚ್ಚಿ, ಅದರ ಹಿಂದಿನ ಅಂಚಿನ ಸಂದಿಯನ್ನು ಮೇಲಿಂದ ಕೆಳಗೆ ನೋಡಿ. ಅಗಲ ಒಂದೇ ಸಮ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ. ಆಮೇಲೆ ಮುಂದಿನ ಚಕ್ರದ ಹಿಂದೆ, ರೆಕ್ಕೆಯ (ಚಕ್ರದ ಮೇಲಿನ ಮಡ್‌ಗಾರ್ಡ್ ತಗಡಿನ) ಒಳಗೆ ಕೈ ಹಾಕಿ ಸಿಲ್‌ನ ತುದಿ ತಡವಿ. ಅಸಲಿ ಸಿಲ್ ರೆಕ್ಕೆಯ ಒಳಗೂ ಮುಂದುವರಿಯುತ್ತದೆ, ಹೊದಿಸಿದ್ದು ರೆಕ್ಕೆಯ ಅಂಚಿಗೇ ನಿಂತುಬಿಡುತ್ತದೆ.

ಬದಲಾಯಿಸುವಾಗ ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿ. ಕತ್ತರಿಸುವ ಮೊದಲು ಬಾಗಿಲಿನ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿಯಬೇಕು. ಹೊಸ ತುಂಡನ್ನು ಕ್ಲ್ಯಾಂಪ್ ಹಾಕಿ ಹಿಡಿಸಿ, ಚುಕ್ಕೆ ವೆಲ್ಡ್ ಮಾಡಿ, ಪಟ್ಟಿ ಬಿಚ್ಚಿ ಬಾಗಿಲು ಹಾಕಿ ಸಂದಿ ನೋಡಿ. ಸಂದಿ ಸರಿ ಇದ್ದರೆ ಮಾತ್ರ ಪೂರ್ತಿ ವೆಲ್ಡ್. ಮುಂದಿನ ರೆಕ್ಕೆ ಬೋಲ್ಟ್ ಹಾಕಿದ್ದು, ಬಿಚ್ಚಬಹುದು. ಹಿಂದಿನದು ವೆಲ್ಡ್ ಮಾಡಿದ್ದು, ಅದರ ಕೆಳತುದಿ ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಬ್ಯಾಟರಿ ಕೇಬಲ್, ಪೆಟ್ರೋಲ್ ಪೈಪು ಕಾರಿನ ತಳದಲ್ಲೇ ಹೋಗುತ್ತವೆ. ಬ್ಯಾಟರಿ ಹೊರಗೆ, ಪೆಟ್ರೋಲ್ ಹೊರಗೆ, ಕಾರ್ಪೆಟ್ ಹೊರಗೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿ. ವೆಲ್ಡಿಂಗ್ ಅಭ್ಯಾಸವಿಲ್ಲದವರು ಬಿಚ್ಚುವುದು, ಉಜ್ಜುವುದು, ಕೊನೆಗೆ ಒಳಗೆ ವ್ಯಾಕ್ಸ್ ತುಂಬುವುದು ತಾವು ಮಾಡಿ, ವೆಲ್ಡಿಂಗನ್ನು ಬಲ್ಲವರಿಗೆ ಬಿಡಲಿ. ದುಡ್ಡು ಅಲ್ಲೂ ಸಾಕಷ್ಟು ಉಳಿಯುತ್ತದೆ.

ಅಪ್‌ಗ್ರೇಡ್‌ನಲ್ಲಿ ನನ್ನ ಆಯ್ಕೆ

ಕಮ್ಮಿ ಖರ್ಚಿನಲ್ಲಿ ಜಾಸ್ತಿ ಲಾಭ ಕೊಡುವುದು ಹೆಡ್‌ಲೈಟ್ ರಿಲೇ. ಮೂಲ ವೈರಿಂಗ್‌ನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್, ಡಿಪ್ ಸ್ವಿಚ್ ಎರಡನ್ನೂ ಹಾದು ಬರಬೇಕು. 50 ವರ್ಷದ ಜೋಡಣೆಗಳಲ್ಲಿ ಒಂದಿಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಲೈಟ್ ಹಚ್ಚಿ, ಮಲ್ಟಿಮೀಟರಿನಲ್ಲಿ ಮೊದಲು ಬ್ಯಾಟರಿ ಹತ್ತಿರ, ಆಮೇಲೆ ಬಲ್ಬಿನ ಹಿಂದೆ ಅಳೆಯಿರಿ. ಅಲ್ಲಿ 12.2, ಇಲ್ಲಿ 11 ಇದ್ದರೆ ಸುಮಾರು ಶೇ 10 ನಷ್ಟ. ಬರೀ ಶೇ 10 ಅನ್ನಿಸಬಹುದು. ಆದರೆ ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ಅಷ್ಟು ನಷ್ಟಕ್ಕೆ ಬೆಳಕು ಶೇ 30ರಷ್ಟು ಕಮ್ಮಿ. ರಿಲೇ ಹಾಕಿದರೆ ಹಳೇ ಸ್ವಿಚ್ ರಿಲೇಯನ್ನು ಒತ್ತುವಷ್ಟು ಸಣ್ಣ ಕರೆಂಟು ಮಾತ್ರ ಹೊರುತ್ತದೆ, ಬಲ್ಬಿಗೆ ದಪ್ಪ ವೈರಿನಲ್ಲಿ, ಫ್ಯೂಸ್ ಮೂಲಕ ನೇರ ಕರೆಂಟು. ಅರ್ಥ್ ಕಡೆಯ, ಅಂದರೆ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯ, ನಷ್ಟವನ್ನೂ ಅಳೆಯಲು ಮರೆಯಬೇಡಿ.

ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಮುನ್ನ ನಿಮ್ಮ ಕಾರು ಯಾವ ಅರ್ಥ್ ಎಂದು ನೋಡಿ. 1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್. ನೆಗೆಟಿವ್ ಅರ್ಥ್ ಕಿಟ್ ಅಲ್ಲಿ ಹಾಕಿದರೆ ಸುಟ್ಟುಹೋಗುತ್ತದೆ. ಧ್ರುವ ಬದಲಿಸುವುದಾದರೆ ಡೈನಮೋವನ್ನು ಹೊಸ ಧ್ರುವಕ್ಕೆ ಹೊಂದಿಸಬೇಕು, ಕಾಯಿಲ್ ವೈರು ಅದಲುಬದಲು ಮಾಡಬೇಕು, ಆರ್‌ಪಿಎಂ ಮೀಟರಿನ ಒಳಗೂ ಬದಲಾವಣೆ ಬೇಕು. ತೆಗೆದ ಹಳೇ ಪಾಯಿಂಟ್, ಕಂಡೆನ್ಸರ್ ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

‘ಹೇಗೂ ಬಿಚ್ಚಿದ್ದೇವಲ್ಲ’

ಚಳಿಗಾಲದ ಯೋಜನೆಗಳು ಮುರಿದುಬೀಳುವುದು ಹೆಚ್ಚಾಗಿ ಈ ಮಾತಿನಿಂದ. ಎಂಜಿಬಿಯಲ್ಲಿ ಕ್ಲಚ್ ಬದಲಾಯಿಸಬೇಕೆಂದರೆ ಎಂಜಿನ್ನೇ ಹೊರಗೆ ಬರಬೇಕು. ಎಂಜಿನ್ ಹೊರಬಂದ ಮೇಲೆ ಎಲ್ಲವೂ ಕೈಗೆಟಕುತ್ತದೆ, ಎಲ್ಲವನ್ನೂ ಮಾಡಿಬಿಡೋಣ ಅನ್ನಿಸುತ್ತದೆ. ಇದಕ್ಕೊಂದು ಅಳತೆ ಇಟ್ಟುಕೊಳ್ಳಿ. ಎಂಜಿನ್ ತೆಗೆಯದೆ ಮಾಡಲು ಆಗದಂಥ ಕೆಲಸ ಆದರೆ ಈಗ ಮಾಡಿ: ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಕಾರ್ಬನ್ ರಿಲೀಸ್ ಬೇರಿಂಗ್, ಕ್ರ್ಯಾಂಕ್‌ಶಾಫ್ಟಿಗೆ ಐದು ಬೇರಿಂಗ್ ಇರುವ ಎಂಜಿನ್ ಆದರೆ ಹಿಂದಿನ ಆಯಿಲ್ ಸೀಲ್. ಎಂಜಿನ್ ಇದ್ದಾಗಲೂ ಮಾಡಬಹುದಾದ ಕೆಲಸ ಆದರೆ ಮುಂದಿನ ವರ್ಷದ ಪಟ್ಟಿಗೆ ಬರೆಯಿರಿ. ಹಳೇ ಕ್ಲಚ್, ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಿಚ್ಚಿದ ನಟ್ಟು ಬೋಲ್ಟುಗಳನ್ನು ಚೀಲಕ್ಕೆ ಹಾಕಿ, ಎಲ್ಲಿಯದು ಎಂದು ಅದರ ಮೇಲೆ ಬರೆಯಿರಿ. ಬಿಚ್ಚುವ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು. ಮಾರ್ಚಿನಲ್ಲಿ ಯಾರಿಗೂ ನವೆಂಬರಿನದು ನೆನಪಿರುವುದಿಲ್ಲ.

ಮತ್ತೆ ಸ್ಟಾರ್ಟ್ ಮಾಡುವಾಗ

ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ತೆಗೆದು, ಇಗ್ನಿಷನ್ ಕಾಯಿಲಿನ ವೈರು ಬಿಚ್ಚಿಟ್ಟು, ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವವರೆಗೆ ಸ್ಟಾರ್ಟರ್ ತಿರುಗಿಸಿ. ಒಂದೇ ಸಮ ಒತ್ತಿ ಹಿಡಿಯದೆ ನಡುನಡುವೆ ಸ್ಟಾರ್ಟರಿಗೆ ಬಿಡುವು ಕೊಡಿ. ಆಮೇಲೆ ಪ್ಲಗ್ ಹಾಕಿ, ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು ಸ್ಟಾರ್ಟ್ ಮಾಡಿ. ಎಸ್‌ಯು ಕಾರ್ಬುರೇಟರಿನ ಡ್ಯಾಶ್‌ಪಾಟ್‌ನಲ್ಲಿ (ಮೇಲ್ಭಾಗದ ಆಯಿಲ್ ಕೊಳವೆಯಲ್ಲಿ) ಆಯಿಲ್ ಇದೆಯೇ ನೋಡಿರಿ, ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮುಗ್ಗರಿಸುತ್ತದೆ. ಬ್ರೇಕನ್ನು ಮನೆಯಂಗಳದಲ್ಲೇ, ನಡಿಗೆಯ ವೇಗದಲ್ಲಿ ಪರೀಕ್ಷಿಸಿ. ಮೊದಲ ಸವಾರಿ ಮನೆಯ ಸುತ್ತಮುತ್ತ ಮಾತ್ರ. ವಾಪಸ್ ಬಂದ ಕೂಡಲೇ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಹಿಂದಿನ ಡ್ರಮ್ ಇನ್ನೊಂದಕ್ಕಿಂತ ಹೆಚ್ಚು ಕಾದಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ಡ್ರಮ್ ತೆಗೆದು ವೀಲ್ ಸಿಲಿಂಡರ್, ಹ್ಯಾಂಡ್‌ಬ್ರೇಕ್ ಕೇಬಲ್ ಎರಡನ್ನೂ ನೋಡಿ. ಚಕ್ರದ ನಟ್ಟುಗಳನ್ನು ಅದೇ ದಿನ ಇನ್ನೊಮ್ಮೆ ಬಿಗಿ ಮಾಡಿ.