ರೆಡ್ ಡಾಟ್ ಕೂರಿಸುವ ಮುನ್ನ ಐರನ್ ಸೈಟ್ ಸರಿಮಾಡಿ

ರೈಫಲ್ಲಿಗೆ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸಿ ಗುರಿ ಹಿಡಿಸುವ ಸೈಟ್) ಹಾಕಿಸಲು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ನಾನು ಮೊದಲು ನೋಡುವುದು ಐರನ್ ಸೈಟುಗಳನ್ನು, ಅಂದರೆ ಗಾಜು, ಬ್ಯಾಟರಿ ಏನೂ ಇಲ್ಲದ ಹಿಂಬದಿ-ಮುಂಬದಿಯ ಲೋಹದ ಗುರಿಗುರುತುಗಳನ್ನು. ಬ್ಯಾಟರಿ ಸತ್ತಾಗ, ಗಾಜಿನ ಮೇಲೆ ಕೆಸರೋ ಮಂಜೋ ಕೂತಾಗ ಗುರಿ ಹಿಡಿಯಬೇಕಾದದ್ದು ಅವುಗಳಿಂದಲೇ. ಹಾಗಾಗಿ ನನ್ನ ಕೆಲಸದ ಕ್ರಮ ಇಷ್ಟು: ಬ್ಯಾಕಪ್ಪಿಗಿರುವ ಈ ಐರನ್ ಸೈಟ್ ಮೊದಲು ಕೂರಬೇಕು, ರೇಂಜಿನಲ್ಲಿ ಗುಂಡು ಹಾರಿಸಿಯೇ ಜೀರೋ ಆಗಬೇಕು (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಬೇಕು), ಆಮೇಲೆ ರೆಡ್ ಡಾಟ್. ಡಾಟ್ ಮೊದಲು ಕೂತು ಚೆನ್ನಾಗಿ ಕೆಲಸ ಮಾಡತೊಡಗಿದರೆ ಐರನ್ ಸೈಟಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮುಂಬದಿಯ ಕಡ್ಡಿಯ ತುದಿ ಕೆಂಪು ಚುಕ್ಕಿಯ ಕೆಳಗೆ ಬರುವಷ್ಟು ಸ್ಕ್ರೂ ತಿರುಗಿಸಿ, ಆಯಿತು ಎಂದುಬಿಡುತ್ತಾರೆ. ಆಗ ಡಾಟಿನಲ್ಲಿ ಇರುವ ತಪ್ಪೆಲ್ಲ ಐರನ್ ಸೈಟಿಗೂ ಬರುತ್ತದೆ. ಒಂದನ್ನು ಪರೀಕ್ಷಿಸಲು ಇನ್ನೊಂದು ಇರುವುದಿಲ್ಲ.

ಕೆಲಸ ಶುರುವಾಗುವ ಮೊದಲು ಮ್ಯಾಗಜೀನ್ ಹೊರಗೆ, ಚೇಂಬರ್ ಖಾಲಿ. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಗುಂಡುಗಳು ಆ ಮೇಜಿನ ಮೇಲಷ್ಟೇ ಅಲ್ಲ, ಆ ಕೋಣೆಯಲ್ಲೇ ಇರಬಾರದು.

ಹಿಂಬದಿ ಸೈಟ್ ರಿಸೀವರ್ (ರೈಫಲ್ಲಿನ ಮುಖ್ಯ ಒಡಲು) ಮೇಲಿನ ರೈಲಿನ, ಅಂದರೆ ಸೈಟ್ ಕೂರಿಸುವ ಪಟ್ಟಿಯ, ಹಿಂಕೊನೆಗೆ, ಮುಂಬದಿಯದು ಆದಷ್ಟು ಮುಂದೆ. ಎರಡರ ನಡುವಿನ ಅಂತರ 40 ಸೆಂ.ಮೀ. ಇದ್ದಾಗ ಮುಂಬದಿ ಕಡ್ಡಿ 0.1 ಮಿ.ಮೀ. ಸರಿದರೆ 100 ಮೀಟರಿನಲ್ಲಿ ಗುಂಡು 25 ಮಿ.ಮೀ. ಸರಿಯುತ್ತದೆ. ಅಂತರ ಅರ್ಧಕ್ಕಿಳಿದರೆ ತಪ್ಪು ಎರಡು ಪಟ್ಟು. ಮುಂಬದಿ ಸೈಟನ್ನು ಹ್ಯಾಂಡ್‌ಗಾರ್ಡ್ (ನಳಿಗೆಯ ಸುತ್ತ ಕೈ ಹಿಡಿಯುವ ಕವಚ) ಮೇಲೆ ಹಾಕುವುದಾದರೆ ಆ ಹ್ಯಾಂಡ್‌ಗಾರ್ಡ್ ಅಲುಗದಂತೆ ಬಿಗಿಯಾಗಿರಬೇಕು. ಕೈಯಿಂದ ಒತ್ತಿದಾಗ ಬಾಗುವುದಿದ್ದರೆ ಸೈಟೂ ಅದರ ಜೊತೆ ಬಾಗುತ್ತದೆ. ನಳಿಗೆಯಿಂದ ಬಿಸಿ ಅನಿಲ ತೆಗೆಯುವ ಗ್ಯಾಸ್ ಬ್ಲಾಕಿನ ಮೇಲೆ ಪ್ಲಾಸ್ಟಿಕ್ ಸೈಟ್ ಬೇಡವೇ ಬೇಡ, ಅಲ್ಲಿಯ ಬಿಸಿಗೆ ಅದು ಉಳಿಯುವುದಿಲ್ಲ.

ಜೀರೋ ಮಾಡುವಾಗ ಹೊಸಬರು ತಬ್ಬಿಬ್ಬಾಗುವ ಜಾಗ ಒಂದಿದೆ. ಹಿಂಬದಿ ಸೈಟನ್ನು ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ಸರಿಸಬೇಕು, ಮುಂಬದಿಯದನ್ನು ಅದರ ವಿರುದ್ಧ ದಿಕ್ಕಿಗೆ. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂಬದಿ ಕಡ್ಡಿ ಇನ್ನೂ ತಗ್ಗಬೇಕು. ಸೈಟಿನ ಮೇಲೆ ಬಾಣದ ಗುರುತಿದ್ದರೆ ಅದು ಸಾಮಾನ್ಯವಾಗಿ ಗುಂಡು ಸರಿಯುವ ದಿಕ್ಕನ್ನು ಹೇಳುತ್ತದೆ, ಕಡ್ಡಿ ಸರಿಯುವ ದಿಕ್ಕನ್ನಲ್ಲ.

ಇನ್ನು ರೆಡ್ ಡಾಟ್. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಮಾರುಕಟ್ಟೆಗೆ ತಂದಾಗಿನಿಂದ ಇದರ ಮೂಲತತ್ವ ಹೆಚ್ಚು ಬದಲಾಗಿಲ್ಲ. ಒಳಗಿನ ಸಣ್ಣ ಎಲ್‌ಇಡಿಯ ಬೆಳಕು ಲೇಪನವಿರುವ ಗಾಜಿಗೆ ಬಡಿದು, ಸಮಾನಾಂತರ ಕಿರಣಗಳಾಗಿ ಕಣ್ಣಿಗೆ ಮರಳುತ್ತದೆ. ಆದ್ದರಿಂದ ಚುಕ್ಕಿ ಗಾಜಿನ ಮೇಲಿರದೆ ದೂರದಲ್ಲಿ, ಗುರಿಯ ಹತ್ತಿರ ತೇಲುತ್ತಿರುವಂತೆ ಕಾಣುತ್ತದೆ. ಐರನ್ ಸೈಟಿನಲ್ಲಿ ಮುಂಬದಿ ಕಡ್ಡಿಯ ಮೇಲೆ ಇಡುವ ನೋಟವನ್ನು ಇಲ್ಲಿ ಗುರಿಯ ಮೇಲೆಯೇ ಇಡಬೇಕು, ಎರಡೂ ಕಣ್ಣು ತೆರೆದು.

ಸೈಟನ್ನು ರೈಲಿಗೆ ಹಿಡಿದಿಡುವ ಮೌಂಟ್ ಎಷ್ಟು ಎತ್ತರದ್ದಿರಬೇಕೆಂದು ಕೊಳ್ಳುವ ಮೊದಲೇ ತೀರ್ಮಾನಿಸಿ. ಎಆರ್-15 ಮಾದರಿಯ ರೈಫಲ್ಲುಗಳಲ್ಲಿ ಚುಕ್ಕಿಯ ಮಧ್ಯ ರೈಲಿನಿಂದ ಸುಮಾರು 36 ಮಿ.ಮೀ. ಮೇಲಿದ್ದರೆ ಐರನ್ ಸೈಟ್ ಗಾಜಿನ ನಟ್ಟನಡುವೆ ಕಾಣುತ್ತದೆ. 39-40 ಮಿ.ಮೀ. ಇದ್ದರೆ ಗಾಜಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ. ನನ್ನ ಆಯ್ಕೆ ಎರಡನೆಯದು. ಮುಂಬದಿ ಸೈಟ್ ಮಡಚಲಾಗದೆ ಸದಾ ನಿಂತಿರುವಂಥದ್ದಾದರೆ ಅದು ನೋಟಕ್ಕೆ ಅಡ್ಡ ಬಾರದೆ ಕೆಳಗಿರುತ್ತದೆ, ಕತ್ತನ್ನೂ ಅಷ್ಟು ಬಗ್ಗಿಸಬೇಕಿಲ್ಲ. ಎರಡೂ ಸೈಟ್ ಮಡಚುವಂಥವಾದರೆ ಯಾವ ಎತ್ತರವಾದರೂ ನಡೆಯುತ್ತದೆ. ಭುಜಕ್ಕೊತ್ತುವ ಬಟ್ಟಿನ ಮೇಲೆ ಕೆನ್ನೆ ಸಹಜವಾಗಿ ಒರಗಿದಾಗ ಚುಕ್ಕಿ ಕಾಣಿಸಬೇಕು, ಅಷ್ಟೆ.

ಕೂರಿಸುವ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ರೈಲಿನ ಮೇಲ್ಮೈಯಲ್ಲಿ. ಅಮೆರಿಕದ ಸೇನೆ 1995ರಲ್ಲಿ ನಿಗದಿಪಡಿಸಿದ ಪಿಕಟಿನ್ನಿ ರೈಲಿನ ಅಡ್ಡ ತೋಡು 5.23 ಮಿ.ಮೀ. ಅಗಲ. ಹಳೆಯ ವೀವರ್ ರೈಲಿನದು 4.57 ಮಿ.ಮೀ. ವೀವರ್ ಮೌಂಟನ್ನು ಪಿಕಟಿನ್ನಿ ರೈಲಿಗೆ ಹಾಕಬಹುದು, ಆದರೆ ತೋಡಿನೊಳಗೆ ಅದರ ಅಡ್ಡಪಟ್ಟಿಗೆ ಸಡಿಲ ಉಳಿಯುತ್ತದೆ. ಹೊಂದಿಕೆಯಾಗುವ ಮೌಂಟಿನಲ್ಲೂ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಆದ್ದರಿಂದ ಬಿಗಿಯುವ ಮೊದಲು ಮೌಂಟನ್ನು ನಳಿಗೆಯ ಬಾಯಿಯ ಕಡೆಗೆ, ಮುಂದಕ್ಕೆ ತಳ್ಳಿ ಹಿಡಿಯಬೇಕು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸೈಟ್ ಇದ್ದಲ್ಲೇ ಇರಲು ನೋಡುತ್ತದೆ. ಅಂದರೆ ರೈಲಿನ ಲೆಕ್ಕದಲ್ಲಿ ಮುಂದೆ ಜಾರುತ್ತದೆ. ಮೊದಲೇ ತೋಡಿನ ಮುಂಗೋಡೆಗೆ ಒತ್ತಿ ನಿಂತಿದ್ದರೆ ಜಾರಲು ಜಾಗವಿರುವುದಿಲ್ಲ. ಮೌಂಟ್ ಪೂರ್ತಿಯಾಗಿ ರಿಸೀವರ್ ಮೇಲೆಯೇ ಇರಲಿ. ಅರ್ಧ ರಿಸೀವರ್, ಅರ್ಧ ಹ್ಯಾಂಡ್‌ಗಾರ್ಡ್ ಎಂದು ಸೇತುವೆಯಂತೆ ಹಾಕಬೇಡಿ.

ಒಮ್ಮೆ ಒಬ್ಬರು ತಮ್ಮ ಸೈಟ್ ಜೀರೋ ಹಿಡಿಯುತ್ತಿಲ್ಲವೆಂದು ತಂದರು. ಬಿಚ್ಚಿ, ವಾಪಸ್ ಹಾಕಿದ ಪ್ರತಿ ಸಲವೂ ಗುಂಡುಗಳ ಗುಂಪು ಬೇರೆ ಎತ್ತರಕ್ಕೆ ಹೋಗುತ್ತಿತ್ತು. ಸೈಟನ್ನೇ ಬದಲಿಸಬೇಕೆಂದು ಅವರು ನಿರ್ಧರಿಸಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ಮೌಂಟಿನ ತಳದಲ್ಲಿ, ಹಿಂತುದಿಯ ಹತ್ತಿರ ಎಣ್ಣೆಗೆ ಅಂಟಿಕೊಂಡ ಬಣ್ಣದ ಒಂದು ಚಕ್ಕೆ. ಮೌಂಟಿನ ತಳ 40 ಮಿ.ಮೀ. ಉದ್ದ ಎಂದುಕೊಂಡರೆ, ಅದರ ಒಂದು ತುದಿಯಡಿ 0.05 ಮಿ.ಮೀ. ದಪ್ಪದ ಕಸ ಸಿಕ್ಕಿಕೊಂಡರೂ 100 ಮೀಟರಿನಲ್ಲಿ ಗುಂಡು 12 ಸೆಂ.ಮೀ.ಗಿಂತ ಹೆಚ್ಚು ಸರಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ ಮತ್ತೆ ಕೂರಿಸಿದ ಮೇಲೆ ಅದೇ ಸೈಟ್ ಅದೇ ಜಾಗಕ್ಕೆ ಮರಳಿತು. ಅಂದಿನಿಂದ ರೈಲನ್ನೂ ಮೌಂಟಿನ ತಳವನ್ನೂ ಒರೆಸಿದ ಮೇಲೆ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ ನೋಡುತ್ತೇನೆ. ಕಣ್ಣಿಗೆ ಕಾಣದ ಗೀರು ಉಗುರಿಗೆ ಸಿಗುತ್ತದೆ.

ಸ್ಕ್ರೂ ಬಿಗಿಯಲು ಟಾರ್ಕ್ ರೆಂಚ್ ಬೇಕೇ ಬೇಕು. ಎಷ್ಟು ಬಿಗಿಯಬೇಕೆಂಬುದು ಮೌಂಟಿನಿಂದ ಮೌಂಟಿಗೆ ಬಹಳ ಬೇರೆ, ತಯಾರಕರ ಕೈಪಿಡಿಯಲ್ಲಿ ಇರುವ ಅಂಕಿಯನ್ನೇ ಅನುಸರಿಸಿ. ಕೆಲವರು ಇಂಚ್-ಪೌಂಡಿನಲ್ಲಿ ಕೊಟ್ಟಿರುತ್ತಾರೆ. ಸುಮಾರು 8.85 ಇಂಚ್-ಪೌಂಡ್ ಅಂದರೆ 1 ನ್ಯೂಟನ್-ಮೀಟರ್. ಸೈಟನ್ನು ಮೌಂಟಿಗೆ ಜೋಡಿಸುವ ಸಣ್ಣ ಸ್ಕ್ರೂಗಳಿಗೆ, ಅವು ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಒಂದು ಸಣ್ಣ ಹನಿ ಸಾಕು. ಕೆಂಪು ಬೇಡ, ಮುಂದೆ ಬಿಚ್ಚುವಾಗ ಸ್ಕ್ರೂ ತಲೆ ಮುರಿಯಬಹುದು. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಮೌಂಟಿಗೆ ಹಾಯುವಂತೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಸ್ಕ್ರೂ ತಿರುಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಜೀರೋಗೆ ಹೋಗುವ ಮೊದಲು, ಜೀರೋ ಆಗಿರುವ ಐರನ್ ಸೈಟಿನ ತುದಿಗೆ ಚುಕ್ಕಿಯನ್ನು ತಂದಿಟ್ಟರೆ ಮೊದಲ ಗುಂಡು ಕಾಗದದ ಮೇಲಂತೂ ಬೀಳುತ್ತದೆ. ಐರನ್ ಸೈಟಿನಿಂದ ಪಡೆಯುವ ಸಹಾಯ ಅಷ್ಟಕ್ಕೇ ನಿಲ್ಲಲಿ. ಆಮೇಲೆ ಅದನ್ನು ಮಡಚಿ, ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಚುಕ್ಕಿಯ ಪ್ರಖರತೆಯನ್ನು ಆದಷ್ಟು ತಗ್ಗಿಸಿ ಹೊಡೆಯಿರಿ. ಹೆಚ್ಚು ಬೆಳಗುವ ಚುಕ್ಕಿ ಹರಡಿಕೊಂಡು ಗುರಿಯ ಮಧ್ಯವನ್ನೇ ಮುಚ್ಚುತ್ತದೆ. 1 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ 60ನೇ ಒಂದು ಭಾಗ) ಎಂದರೆ 100 ಮೀಟರಿನಲ್ಲಿ 29 ಮಿ.ಮೀ. ಅರ್ಧ ಎಂಒಎ ಕ್ಲಿಕ್ ಇರುವ ಸೈಟ್ 50 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 7 ಮಿ.ಮೀ. ಸರಿಸುತ್ತದೆ. ಗುಂಪು 4 ಸೆಂ.ಮೀ. ಎಡಕ್ಕೆ ಬಿದ್ದಿದ್ದರೆ ಐದಾರು ಕ್ಲಿಕ್ ಬಲಕ್ಕೆ. ಒಂದೇ ಗುಂಡು ನೋಡಿ ತಿರುಗಿಸಬೇಡಿ, ಮೂರು ಅಥವಾ ಐದರ ಗುಂಪಿನ ನಡುವನ್ನು ಅಳೆದು ತಿರುಗಿಸಿ.

ಎರಡೂ ಪ್ರತ್ಯೇಕವಾಗಿ ಜೀರೋ ಆದ ಮೇಲೆ ಐರನ್ ಸೈಟ್ ಎತ್ತಿ ನೋಡಿದಾಗ ಚುಕ್ಕಿ ಕಡ್ಡಿಯ ತುದಿಯಿಂದ ಸ್ವಲ್ಪ ಆಚೀಚೆ ಕೂತಿದ್ದರೆ ಗಾಬರಿ ಬೇಡ, ಅದನ್ನು ಸರಿಪಡಿಸಲು ಹೋಗಲೂ ಬೇಡಿ. ತಯಾರಕರು ಪ್ಯಾರಲಾಕ್ಸ್ (ಕಣ್ಣು ಸರಿದಾಗ ಚುಕ್ಕಿಯೂ ಗುರಿಯಿಂದ ಸರಿದಂತೆ ಕಾಣುವುದು) ಇಲ್ಲವೆಂದರೂ ಹತ್ತಿರದ ದೂರದಲ್ಲಿ ಅಷ್ಟಿಷ್ಟು ಇರುತ್ತದೆ. ಗುಂಡು ಎಲ್ಲಿ ಬಿತ್ತೆಂದು ಕಾಗದ ಹೇಳಿದ್ದನ್ನೇ ನಂಬಿ. ಆದರೆ ಈ ಅಂತರ ಎಷ್ಟಿದೆಯೆಂದು ನೆನಪಿಟ್ಟುಕೊಳ್ಳಿ. ಒಂದು ದಿನ ಅದು ಇದ್ದಕ್ಕಿದ್ದಂತೆ ಹೆಚ್ಚಾದರೆ ಎರಡರಲ್ಲೊಂದು ಅಲುಗಿದೆ ಎಂದರ್ಥ.

ಚುಕ್ಕಿ ದುಂಡಗಿರದೆ ಬಾಲವಿರುವ ನಕ್ಷತ್ರದಂತೆ ಕಾಣುತ್ತದೆಂದು ದೂರುವವರು ಬಹಳ. ಸೈಟ್ ಕೆಟ್ಟಿದೆ ಎನ್ನುವ ಮೊದಲು ಹಿಂಬದಿ ಐರನ್ ಸೈಟಿನ ಸಣ್ಣ ತೂತಿನ ಮೂಲಕ ಅದೇ ಚುಕ್ಕಿಯನ್ನು ನೋಡಿ. ಅದರಲ್ಲಿ ಚೊಕ್ಕವಾಗಿ ಕಂಡರೆ ಕಾರಣ ನಿಮ್ಮ ಕಣ್ಣಿನ ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ. ಕಣ್ಣಿನ ವೈದ್ಯರ ಬಳಿ ಹೋಗಿ, ಸೈಟ್ ಬದಲಿಸಬೇಡಿ.

ಹತ್ತಿರದ ಗುರಿಗೆ ಒಂದು ಎಚ್ಚರಿಕೆ. ಎಆರ್-15 ಮಾದರಿಯಲ್ಲಿ ದೃಷ್ಟಿರೇಖೆ ನಳಿಗೆಯ ಮಧ್ಯದಿಂದ ಸುಮಾರು 66 ಮಿ.ಮೀ. ಮೇಲಿರುತ್ತದೆ. 50 ಮೀಟರಿಗೆ ಜೀರೋ ಮಾಡಿದ ರೈಫಲ್ 5 ಮೀಟರಿನಲ್ಲಿ ಸುಮಾರು 6 ಸೆಂ.ಮೀ. ಕೆಳಗೆ ಹೊಡೆಯುತ್ತದೆ. ಸೈಟ್ ಬದಲಾದರೂ ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಐರನ್ ಸೈಟಿಗೂ ಇದೇ ಲೆಕ್ಕ. ಇದನ್ನು ಓದಿ ಬಿಡದೆ ರೇಂಜಿನಲ್ಲಿ ಎರಡರಿಂದಲೂ ಹೊಡೆದು, ಆ ಕಾಗದವನ್ನು ಜೋಪಾನವಾಗಿಡಿ. ಬ್ಯಾಟರಿ 50,000 ಗಂಟೆ, ಅಂದರೆ ಐದೂವರೆ ವರ್ಷಕ್ಕೂ ಮಿಗಿಲು ಬರುತ್ತದೆಂದು ಡಬ್ಬಿಯ ಮೇಲಿದ್ದರೂ ಆ ಲೆಕ್ಕ ನಡುಮಟ್ಟದ ಪ್ರಖರತೆಯದು. ವರ್ಷಕ್ಕೊಮ್ಮೆ ಬದಲಿಸಿ, ಹಾಕಿದ ತಾರೀಖನ್ನು ಮೌಂಟಿನ ಪಕ್ಕಕ್ಕೆ ಅಂಟಿಸಿ. ಬದಲಿಸಿದ ದಿನವೇ ಪೇಂಟ್ ಗೆರೆಗಳನ್ನು ನೋಡಿ, ಡಾಟ್ ಆರಿಸಿ, ಐರನ್ ಸೈಟಿನಲ್ಲಿ ಐದು ಗುಂಡು ಹೊಡೆದು ಹಳೆಯ ಕಾಗದದ ಪಕ್ಕಕ್ಕಿಟ್ಟು ಹೋಲಿಸಿ.